ಇನ್ಶೂರೆನ್ಸ್ ಇದೆಯಾ ಅಂದರೆ ‘ಇಲ್ಲ ಸಾರ್’, ಟ್ರಂಕ್ ತೆಗೆದರೆ ಮೂರು ಕಾರ್ಡು! ಮನೆ ಮನೆ ಸರ್ವೆ ಮಾಡಿದವರು ಸ್ವಲ್ಪ ದಾರಿ ತೋರಿಸಿ

ಮೇಲೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಡಿಗ್ರಿ ಕಾಲೇಜಿನಲ್ಲಿ ಎಕನಾಮಿಕ್ಸ್ ಪಾಠ ಮಾಡುತ್ತೇನೆ. ಈ ಸಲ ಕೊನೆ ವರ್ಷದ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದೇನೆ. ಸುತ್ತಲಿನ ಎರಡು ಹಳ್ಳಿಯಲ್ಲಿ ಮನೆ ಮನೆಗೆ ಹೋಗಿ ಎರಡೇ ವಿಷಯ ಕೇಳಬೇಕು. ಆಸ್ಪತ್ರೆಗೆ ಎಷ್ಟು ಖರ್ಚಾಯಿತು? ಅದನ್ನು ನೋಡಿಕೊಳ್ಳಲು ಇನ್ಶೂರೆನ್ಸ್ ಇದೆಯಾ? ಸುಲಭದ ಕೆಲಸ ಅಂದುಕೊಂಡಿದ್ದೆ. ಮೊದಲ ದಿನವೇ ಮುಗ್ಗರಿಸಿದೆವು.

ಮೊದಲ ಮನೆ ರೇಷ್ಮೆ ಮನೆ. ಅಮ್ಮ ಒಳಗೆ ಹುಳದ ತಟ್ಟೆ ನೋಡುತ್ತಿದ್ದರು. ನಮ್ಮ ಹುಡುಗಿ ಫಾರಂ ನೋಡಿಕೊಂಡು ಕೇಳಿದಳು: ‘ಹೋದ 15 ದಿನದಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತಾ ಅಮ್ಮ?’ ಅವರು ತಲೆ ಎತ್ತದೆ ಹೇಳಿದರು: ‘ಈಗ ನಾಲ್ಕನೇ ಜ್ವರ ನಡೀತಿದೆ ಕಣಮ್ಮ.’ ಹುಡುಗಿ ಬೆಂಗಳೂರಿನಲ್ಲಿ ಬೆಳೆದವಳು. ಗಾಬರಿಯಾಗಿ ‘ನಾಲ್ಕು ಸಲ ಜ್ವರ’ ಅಂತ ಬರೆದುಕೊಂಡುಬಿಟ್ಟಳು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಅದು ನಗುವ ವಿಷಯ, ಬಿಡಿ. ಆಮೇಲೆ ನಡೆದದ್ದು ನಗು ಬರುವಂಥದ್ದಲ್ಲ. ‘ಹೆಲ್ತ್ ಇನ್ಶೂರೆನ್ಸ್ ಇದೆಯಾ?’ ಅಂದೆವು. ‘ನಮಗೆ ಅದೆಲ್ಲ ಎಲ್ಲಿ ಸಾರ್, ಗಾಡಿಗೆ ಒಂದು ಮಾಡಿಸಿದ್ದೇವೆ’ ಅಂದರು. ಇಲ್ಲ ಅಂತ ಟಿಕ್ ಹಾಕಿದೆವು. ಹೊರಡುವ ಹೊತ್ತಿಗೆ ರೇಷನ್ ಕಾರ್ಡ್ ತೋರಿಸಿ ಅಂದಾಗ ಅವರು ಮಂಚದ ಕೆಳಗಿನಿಂದ ಟ್ರಂಕ್ ಎಳೆದರು. ಒಳಗೆ ಒಂದು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರಿಂದ ಒಂದೊಂದೇ ಈಚೆ ಬಂತು. ಲ್ಯಾಮಿನೇಷನ್ ಮಾಡಿಸಿದ ಆಯುಷ್ಮಾನ್ ಕಾರ್ಡು. ಹಳೇ ಯಶಸ್ವಿನಿ ಕಾರ್ಡು. ಗಂಡ ಹೆಂಡತಿ ಮಕ್ಕಳ ಫೋಟೋ ಮಾಸಿಹೋದ, ಕೇಂದ್ರದ ಹಳೇ ಆರೋಗ್ಯ ಯೋಜನೆಯ ಆರ್‌ಎಸ್‌ಬಿವೈ ಸ್ಮಾರ್ಟ್ ಕಾರ್ಡು. ಜೊತೆಗೆ ಮಗನ ಫ್ಯಾಕ್ಟರಿಯ ಸಂಬಳ ಚೀಟಿ, ಅದರಲ್ಲಿ ಇಎಸ್ಐ (ಕಾರ್ಮಿಕರ ವಿಮೆ) ಕಟ್. ಮೂರು ಕಾರ್ಡು, ಒಂದು ಇಎಸ್ಐ. ನಮ್ಮ ಫಾರಂನಲ್ಲಿ ಮಾತ್ರ ‘ಇಲ್ಲ’.

ಆ ಅಮ್ಮ ಸುಳ್ಳು ಹೇಳಲಿಲ್ಲ. ನಾವೇ ತಪ್ಪು ಕೇಳಿದೆವು. ಹಾಗಾದರೆ ಸರಿಯಾಗಿ ಹೇಗೆ ಕೇಳಬೇಕು? ಅನುಭವ ಇರುವವರು ಹೇಳಿ.

ಆಶಾ ಅಕ್ಕ, ಚಿಂತಾಮಣಿ

ಸಾರ್, ಮೊದಲು ಆ ‘ಇನ್ಶೂರೆನ್ಸ್’ ಅನ್ನುವ ಪದ ತೆಗೆದುಹಾಕಿ. ಹಳ್ಳಿಯಲ್ಲಿ ಆ ಪದ ಕೇಳಿದರೆ ಮೂರೇ ನೆನಪಾಗುವುದು. ಎಲ್ಐಸಿ, ಗಾಡಿ, ಬೆಳೆ ವಿಮೆ. ‘ಆರೋಗ್ಯ ವಿಮೆ’ ಅಂದರೆ ಇನ್ನೂ ಕಷ್ಟ, ಟಿವಿಯವರ ಮಾತು ಅಂತ ಸುಮ್ನೆ ತಲೆ ಆಡಿಸುತ್ತಾರೆ. ನಾನು ಕಾರ್ಡಿನ ಹೆಸರನ್ನೇ ಹೇಳಿ ಕೇಳುತ್ತೇನೆ. ‘5 ಲಕ್ಷದ ಆಯುಷ್ಮಾನ್ ಕಾರ್ಡು ಮಾಡಿಸಿದ್ದೀರಾ? ಡೇರಿಯಲ್ಲಿ ಯಶಸ್ವಿನಿಗೆ ದುಡ್ಡು ಕಟ್ಟಿದ್ದೀರಾ? ಲೇಬರ್ ಕಾರ್ಡು ಇದೆಯಾ? ಮನೆಯಲ್ಲಿ ಯಾರಿಗಾದರೂ ಸಂಬಳದಲ್ಲಿ ಇಎಸ್ಐ ಹಿಡಿಯುತ್ತಾರಾ?’ ಹೀಗೆ ಕೇಳಿದರೆ ಎದ್ದು ಹೋಗಿ ಕವರ್ ತರುತ್ತಾರೆ. ಕವರ್ ಈಚೆ ಬಂದರೆ ಅರ್ಧ ಕೆಲಸ ಮುಗಿಯಿತು.

ಇದರ ಉಲ್ಟಾನೂ ಇದೆ, ಹುಷಾರಾಗಿರಿ. ಕೆಲವರು ‘ಹೂಂ, ಇನ್ಶೂರೆನ್ಸ್ ಇದೆ, ಬ್ಯಾಂಕಿನಲ್ಲಿ ಕಟ್ ಆಗುತ್ತದೆ’ ಅಂತಾರೆ. ಪಾಸ್‌ಬುಕ್ ನೋಡಿದರೆ 436 ರೂಪಾಯಿ, 20 ರೂಪಾಯಿ ಹೋಗಿರುತ್ತದೆ. 436 ಜೀವನ್ ಜ್ಯೋತಿ, ಜೀವ ಹೋದರೆ ಮನೆಯವರಿಗೆ 2 ಲಕ್ಷ. 20 ಸುರಕ್ಷಾ ಬಿಮಾ, ಆಕ್ಸಿಡೆಂಟ್‌ಗೆ. ಎರಡರಲ್ಲೂ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ. ಸಂಘದ ಸಾಲ ಕೊಡುವಾಗ ಇನ್ಶೂರೆನ್ಸ್ ಅಂತ ಹಿಡಿದುಕೊಳ್ಳುವುದೂ ಹೆಚ್ಚಾಗಿ ಸಾಲಗಾರ ಸತ್ತರೆ ಸಾಲ ತೀರಲಿ ಅಂತ. ಪಾಪ, ಅದನ್ನು ನಂಬಿಕೊಂಡು ಆಸ್ಪತ್ರೆಗೆ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡೇರಿ ಸೆಕ್ರೆಟರಿ

ಯಶಸ್ವಿನಿ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಡೇರಿಯಲ್ಲೇ ರಸೀದಿ ಹರಿಯುವುದು. ಆ ಟ್ರಂಕಿನಲ್ಲಿದ್ದ ಹಳೇ ಕಾರ್ಡಿಗೆ ಬೆಲೆ ಇಲ್ಲ ಮೇಷ್ಟ್ರೇ. 2003ರಲ್ಲಿ ಶುರುವಾದ ಯೋಜನೆ ಅದು, ಸಹಕಾರ ಸಂಘದ ಸದಸ್ಯರಿಗೆ. 2018ರಲ್ಲಿ ರಾಜ್ಯ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಬಂದಾಗ ನಿಂತುಹೋಯಿತು. ಮತ್ತೆ 2022ರ ಕೊನೆಯಲ್ಲಿ ನೋಂದಣಿ ಶುರು ಮಾಡಿದರು, 2023ರ ಜನವರಿಯಿಂದ ಚಿಕಿತ್ಸೆ. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ ತಲೆಗೆ 100. ಪಟ್ಟಣದ ಸಂಘವಾದರೆ 1000. ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ.

ತೊಡಕು ಇರುವುದು ನವೀಕರಣದಲ್ಲಿ. ಪ್ರತಿ ವರ್ಷ ಕಟ್ಟಬೇಕು. ‘ಹೋದ ವರ್ಷ ಕಟ್ಟಿದ್ದೆ, ಏನೂ ಆಗಲಿಲ್ಲ, ದುಡ್ಡು ದಂಡ ಆಯಿತು’ ಅಂತ ಬಿಟ್ಟವರು ಇದ್ದಾರೆ. ಕಾಯಿಲೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು! ಹಾಗಾಗಿ ‘ಯಶಸ್ವಿನಿ ಇದೆಯಾ’ ಅಂತ ಕೇಳಬೇಡಿ. ‘ಈ ವರ್ಷ ರಸೀದಿ ಹರಿಸಿದ್ದೀರಾ’ ಅಂತ ಕೇಳಿ. ಆರ್‌ಎಸ್‌ಬಿವೈ ಕಾರ್ಡಂತೂ ನೆನಪಿಗೆ ಇಟ್ಟುಕೊಳ್ಳುವ ವಸ್ತು ಅಷ್ಟೇ. ಅದರಲ್ಲಿ ಇದ್ದದ್ದೇ 30 ಸಾವಿರದವರೆಗೆ.

ಸುಮ್ನೆ ಕೇಳ್ತಿದೀನಿ

ಸರ್ವೆ ಮಾಡಿ ಜನಕ್ಕೆ ಏನು ಸಿಗುತ್ತದೆ ಸ್ವಾಮಿ? ಜಾತಿ ಸಮೀಕ್ಷೆ ಅಂತ ಬಂದು 60 ಪ್ರಶ್ನೆ ಕೇಳಿ ಹೋದರು. ರೇಷನ್ ಕಾರ್ಡಿನವರು, ಬ್ಯಾಂಕಿನವರು ಬರುತ್ತಲೇ ಇರುತ್ತಾರೆ. ಈಗ ಕಾಲೇಜಿನ ಮಕ್ಕಳು. ನಮ್ಮ ಅತ್ತೆ ಯಾವ ಸರ್ವೆಯವರು ಬಂದರೂ ‘ಖರ್ಚೇ ಇಲ್ಲ’ ಅಂತಾರೆ. ಯಾಕೆ ಗೊತ್ತಾ? ಆಸ್ಪತ್ರೆಗೆ ಲಕ್ಷ ಖರ್ಚು ಮಾಡಿದ್ದೇವೆ ಅಂದರೆ ‘ಇವರ ಹತ್ತಿರ ದುಡ್ಡಿದೆ’ ಅಂತ ಬಿಪಿಎಲ್ ಕಾರ್ಡು ಕಿತ್ತುಕೊಂಡುಬಿಟ್ಟರೆ ಅಂತ ಭಯ.

ಮೇಲೂರು ಮೇಷ್ಟ್ರು

ಈ ಮಾತು ಒಪ್ಪುತ್ತೇನೆ. ನಮಗೂ ಎರಡು ಮನೆಯಲ್ಲಿ ಇದೇ ಆಯಿತು. ಒಬ್ಬರು ಬಾಗಿಲಲ್ಲೇ ‘ಬಿಪಿಎಲ್ ರದ್ದು ಮಾಡೋಕೆ ಬಂದಿದ್ದೀರಾ?’ ಅಂದರು. ಕಾಲೇಜಿನ ಐಡಿ ತೋರಿಸಿದರೂ ನಂಬಲಿಲ್ಲ. ಅವರದ್ದೇನೂ ತಪ್ಪಿಲ್ಲ.

ಫೀಲ್ಡ್ ನೋಟ್ಸ್

ನಾನು ಸರ್ಕಾರಿ ಸ್ಯಾಂಪಲ್ ಸರ್ವೆಗಳಲ್ಲಿ ಕಾಂಟ್ರಾಕ್ಟ್ ಮೇಲೆ ಹಲವು ವರ್ಷ ಕೆಲಸ ಮಾಡಿದವನು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಓಡಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ‘ಮನೆ’ ಅಂದರೆ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ. ಸ್ಯಾಂಪಲ್ ಸರ್ವೆಯಲ್ಲಿ ಒಂದು ಸೂರಿನ ಕೆಳಗೆ ಇದ್ದು ಒಂದೇ ಅಡುಗೆ ಉಣ್ಣುವವರು ಒಂದು ಮನೆ. ಅಣ್ಣ ತಮ್ಮ ಒಂದೇ ಸೂರಿನ ಕೆಳಗಿದ್ದು ಒಲೆ ಬೇರೆ ಆಗಿದ್ದರೆ ಅವು ಎರಡು ಮನೆ. ಆದರೆ ರೇಷನ್ ಕಾರ್ಡು ಇನ್ನೂ ಅಪ್ಪನ ಹೆಸರಿನಲ್ಲಿ ಒಂದೇ ಇರುತ್ತದೆ. ಆಯುಷ್ಮಾನ್ ಲೆಕ್ಕದ ಕುಟುಂಬ ಒಂದು, ನಿಮ್ಮ ಫಾರಂನ ಮನೆ ಇನ್ನೊಂದು. 5 ಲಕ್ಷ ಇಡೀ ಕುಟುಂಬಕ್ಕೆ ವರ್ಷಕ್ಕೆ ಅಂತ ಇರುವಾಗ ಇದು ಸಣ್ಣ ವಿಷಯ ಅಲ್ಲ. ಅಣ್ಣನ ಮನೆಯಲ್ಲಿ ದೊಡ್ಡ ಆಪರೇಷನ್ ಆದರೆ ತಮ್ಮನ ಮನೆಯ ಪಾಲೂ ಕರಗಿತು.

ಎರಡನೆಯದು ದಿನದ ಲೆಕ್ಕ. ಕೇಂದ್ರದ ಎನ್ಎಸ್ಎಸ್ (ರಾಷ್ಟ್ರೀಯ ಸ್ಯಾಂಪಲ್ ಸರ್ವೆ) ಆರೋಗ್ಯ ಸರ್ವೆಯಲ್ಲಿ ಅಡ್ಮಿಟ್ ಆದದ್ದಕ್ಕೆ ಹಿಂದಿನ 365 ದಿನ ಕೇಳುತ್ತಾರೆ. ಅಡ್ಮಿಟ್ ಆಗದ ಕಾಯಿಲೆಗೆ ಹಿಂದಿನ 15 ದಿನ ಮಾತ್ರ. ಇದಕ್ಕೆ ಕಾರಣ ಇದೆ. ದೊಡ್ಡ ಖರ್ಚು ಮನಸ್ಸಿಗೆ ಹತ್ತಿರವೇ ಕೂತಿರುತ್ತದೆ. ಎರಡು ವರ್ಷದ ಹಿಂದಿನ ಗರ್ಭಕೋಶದ ಆಪರೇಷನ್ ಕೇಳಿದರೆ ‘ಹೋದ ವರ್ಷ’ ಅಂತಾರೆ. ಸಣ್ಣ ಖರ್ಚು ಹೋದ ತಿಂಗಳದ್ದೂ ಮರೆತುಹೋಗಿರುತ್ತದೆ. ತಾರೀಖು ಕೇಳಿದರೆ ಯಾರೂ ಹೇಳುವುದಿಲ್ಲ. ಹಬ್ಬ, ಬೆಳೆ ಹಿಡಿದು ಕೇಳಿ. ‘ನಂದಿ ಜಾತ್ರೆಗೆ ಮುಂಚೆನಾ, ಆಮೇಲಾ? ಆಗ ಯಾವ ಬೆಳೆ ಹುಳ ಮನೆಯಲ್ಲಿತ್ತು? ಟೊಮೆಟೊ ಕಿತ್ತಾಗಿತ್ತಾ?’ ರೇಷ್ಮೆ ಮನೆಯವರಿಗೆ ವರ್ಷ ಅನ್ನುವುದು ತಿಂಗಳಲ್ಲಿ ಇಲ್ಲ, ಬೆಳೆಯಲ್ಲಿ ಇದೆ. ‘ಆ ಬೆಳೆ ಸುಣ್ಣಕಟ್ಟು ರೋಗ ಬಂದು ಹೋಯಿತಲ್ಲ, ಆಗ’ ಅಂದರೆ ಅದು ಕ್ಯಾಲೆಂಡರ್‌ಗಿಂತ ಗಟ್ಟಿ.

ಮೂರನೆಯದು ಕಷ್ಟದ ಪ್ರಶ್ನೆ. ಈ ಒಂದು ವರ್ಷದಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಅಂತಲೂ ಕೇಳಬೇಕು. ಎನ್ಎಸ್ಎಸ್‌ನಲ್ಲಿ ತೀರಿಕೊಂಡವರ ಆಸ್ಪತ್ರೆ ಖರ್ಚನ್ನೂ ಸೇರಿಸುತ್ತಾರೆ. ಸದಸ್ಯರ ಪಟ್ಟಿ ಬರೆಯುವಾಗ ಈಗ ಇರುವವರನ್ನು ಮಾತ್ರ ಬರೆದರೆ ಮನೆಯ ದೊಡ್ಡ ಖರ್ಚೇ ಬಿಟ್ಟುಹೋಗುತ್ತದೆ. ಕೊನೇ ಹದಿನೈದು ದಿನ ಐಸಿಯುನಲ್ಲಿ ಇಟ್ಟಿದ್ದು ಯಾರನ್ನು? ಸತ್ತವರನ್ನೇ ಅಲ್ವಾ? ನಿಮ್ಮ ಮಕ್ಕಳಿಗೆ ಈ ಪ್ರಶ್ನೆ ಕೇಳುವುದನ್ನು ಮೊದಲು ಕ್ಲಾಸಿನಲ್ಲಿ ಅಭ್ಯಾಸ ಮಾಡಿಸಿ. ಗೋಡೆಯ ಮೇಲೆ ಹಾರ ಹಾಕಿದ ಹೊಸ ಫೋಟೋ ಇದ್ದರೆ ಪೆನ್ನು ಕೆಳಗಿಟ್ಟು ಕೇಳುವುದು ಒಳ್ಳೆಯದು.

ಆಮೇಲೆ ಖರ್ಚು. ‘ಒಟ್ಟು ಎಷ್ಟಾಯಿತು’ ಅಂತ ಕೇಳಿದಿರೋ, ಒಂದು ದುಂಡು ಸಂಖ್ಯೆ ಬರುತ್ತದೆ. ‘ಒಂದು ಐವತ್ತು ಸಾವಿರ.’ ಅದು ಆಸ್ಪತ್ರೆ ಬಿಲ್ ಅಷ್ಟೇ. ಬಿಡಿ ಬಿಡಿಯಾಗಿ ಕೇಳಿ: ಡಾಕ್ಟರ್ ಫೀಸು, ಬೆಡ್ ಬಾಡಿಗೆ, ಹೊರಗೆ ತಂದ ಔಷಧಿ, ಸ್ಕ್ಯಾನಿಂಗ್, ರಕ್ತ. ಗಾಡಿ ಬಾಡಿಗೆ. ಜೊತೆಯಲ್ಲಿ ಇದ್ದವರ ಊಟ, ರೂಮು. ಆ ‘ಐವತ್ತು’ ಎಪ್ಪತ್ತಕ್ಕೆ ಹೋದದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಕೊನೆಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿ. ಉಳಿತಾಯವಾ, ಸಾಲವಾ, ಏನಾದರೂ ಮಾರಿದರಾ, ನೆಂಟರು ಕೊಟ್ಟರಾ. ವಿಚಿತ್ರ ಅಂದರೆ ಖರ್ಚಿನ ಮೊತ್ತ ಮರೆತವರಿಗೂ ಸಾಲದ ಮೊತ್ತ ಪೈಸೆ ಬಿಡದೆ ನೆನಪಿರುತ್ತದೆ. ಬಳೆ ಅಡ ಇಟ್ಟ ಚೀಟಿಯಲ್ಲಿ ತಾರೀಖೂ ಇರುತ್ತದೆ, ಮೊತ್ತವೂ ಇರುತ್ತದೆ.

ಬೇಕಿದ್ದರೆ ಹೋಲಿಸಿ ನೋಡಲು ಒಂದೆರಡು ಅಂಕಿ. ಎನ್ಎಸ್ಎಸ್ 75ನೇ ಸುತ್ತು ನಡೆದದ್ದು 2017ರ ಜುಲೈನಿಂದ 2018ರ ಜೂನ್‌ವರೆಗೆ. ಹೆರಿಗೆ ಬಿಟ್ಟು, ಒಂದು ಸಲ ಅಡ್ಮಿಟ್ ಆದರೆ ದೇಶದ ಹಳ್ಳಿಗಳಲ್ಲಿ ಸರಾಸರಿ ವೈದ್ಯಕೀಯ ಖರ್ಚು 16,676 ರೂಪಾಯಿ. ಸರ್ಕಾರಿ ಆಸ್ಪತ್ರೆಯಾದರೆ 4,290, ಖಾಸಗಿಯಾದರೆ 27,347. ಆಗ ಯಾವುದಾದರೂ ಆರೋಗ್ಯ ರಕ್ಷಣೆ ಇದೆ ಅಂದವರು ಹಳ್ಳಿಯಲ್ಲಿ ಸುಮಾರು 14%, ಪಟ್ಟಣದಲ್ಲಿ 19%. ಆಯುಷ್ಮಾನ್ ಬಂದದ್ದು ಆ ಸುತ್ತು ಮುಗಿದ ಮೇಲೆ, 2018ರ ಸೆಪ್ಟೆಂಬರ್ 23ಕ್ಕೆ. ಹಾಗಾಗಿ ಈಗಿನ ಪರಿಸ್ಥಿತಿಗೆ ಅದೇ ಅಂಕಿ ಹಿಡಿದುಕೊಂಡು ಮಾತಾಡಬೇಡಿ. 2025ರಲ್ಲಿ ವರ್ಷ ಪೂರ್ತಿ ಅದೇ ಆರೋಗ್ಯ ಸರ್ವೆಯ 80ನೇ ಸುತ್ತು ನಡೆಯಿತು.

ಮಾಲೂರು ಲೈನ್

ಸೂಪರ್ ಆಗಿ ಬರೆದಿದ್ದೀರಿ ಸಾರ್. ಸುಣ್ಣಕಟ್ಟು ನೆನಪಿಸಿ ನಮ್ಮಪ್ಪನ ಹೊಟ್ಟೆ ಉರಿಸಿದಿರಿ 😄

ಇಎಸ್ಐ ಬಗ್ಗೆ ಒಂದು ಮಾತು. ನಾನು ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಸಂಬಳ 21,000ದ ಒಳಗೆ ಇದ್ದರೆ ಇಎಸ್ಐ ಬರುತ್ತದೆ. ನಮ್ಮ ಕೈಯಿಂದ 0.75%, ಕಂಪನಿಯಿಂದ 3.25%. ನಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಸಿಗುತ್ತದೆ, ಆದರೆ ಹೆಸರು ಸೇರಿಸಿರಬೇಕು. ನಾನು ಮೂರು ವರ್ಷ ಸೇರಿಸಿಯೇ ಇರಲಿಲ್ಲ. ಕಂಪನಿ ಬದಲಾದರೂ ಅದೇ ನಂಬರ್ ನಡೆಯುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ನಿಮ್ಮ ಆ ಅಮ್ಮನ ಮನೆಗೆ ಇನ್ನೊಂದು ಸಲ ಹೋಗಿ, ಮಗ ಅವರ ಹೆಸರು ಸೇರಿಸಿದ್ದಾನಾ ಕೇಳಿ. ಚೀಟಿಯಲ್ಲಿ ಕಟ್ ಆದ ಮಾತ್ರಕ್ಕೆ ಅಮ್ಮನಿಗೆ ಇದೆ ಅಂತ ಬರೆದುಕೊಳ್ಳಬೇಡಿ.

ಡೆಸ್ಕ್ ಹತ್ತಿರ

ನಾನು ಕೆಲವು ವರ್ಷ ಆಸ್ಪತ್ರೆಯೊಂದರ ಆರೋಗ್ಯ ಮಿತ್ರ ಡೆಸ್ಕಿನಲ್ಲಿ, ಅಂದರೆ ಆಯುಷ್ಮಾನ್ ಕಾರ್ಡು ತಂದವರಿಗೆ ನೆರವಾಗುವ ಜಾಗದಲ್ಲಿ, ಇದ್ದೆ. ಯಾವ ಆಸ್ಪತ್ರೆ ಅಂತ ಬೇಡ.

ಕಾರ್ಡು ಇದೆಯಾ ಅನ್ನುವುದು ಮೊದಲ ಮೆಟ್ಟಿಲು ಅಷ್ಟೇ. ತೋರಿಸಿದಿರಾ? ನಡೆಯಿತಾ? ನಡೆದ ಮೇಲೂ ಕೈಯಿಂದ ಎಷ್ಟು ಹೋಯಿತು? ಇಷ್ಟೂ ಕೇಳದಿದ್ದರೆ ಸರ್ವೆಯಿಂದ ಏನೂ ತಿಳಿಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಮೊತ್ತದ) 30% ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಎರಡೂ ಕಾರ್ಡು ನೋಡಲು ಒಂದೇ ಥರ, ಹಾಗಾಗಿ ಎಪಿಎಲ್‌ನವರು ಡೆಸ್ಕಿಗೆ ಬಂದು ಜಗಳ ಆಡುತ್ತಿದ್ದರು. ಇನ್ನೊಂದು, ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಖಾಸಗಿಗೆ ಬರಬೇಕು. ಜನ ನೇರ ಖಾಸಗಿಗೆ ಬಂದು, ಅಡ್ವಾನ್ಸ್ ಕಟ್ಟಿ, ಅಡ್ಮಿಟ್ ಆಗಿ, ಮೂರನೇ ದಿನ ನೆಂಟರು ಯಾರೋ ಹೇಳಿದ ಮೇಲೆ ಕಾರ್ಡು ತರುತ್ತಿದ್ದರು. ಅಷ್ಟು ಹೊತ್ತಿಗೆ ಏನು ಮಾಡಲಿ?

ಒಂದು ಸಲ ಬಾಗೇಪಲ್ಲಿ ಕಡೆಯಿಂದ ಒಬ್ಬ ಅಜ್ಜ ಬಂದಿದ್ದರು, ಸೊಂಟದ ಮೂಳೆ ಮುರಿದು. ಮೊಮ್ಮಗ ಫೋನಿನಲ್ಲಿ ಕಾರ್ಡಿನ ಫೋಟೋ ಇಟ್ಟುಕೊಂಡಿದ್ದ. ಬೆರಳು ಒತ್ತಿಸಿದರೆ ಮೆಷಿನ್ ತೆಗೆದುಕೊಳ್ಳಲಿಲ್ಲ. ಜೀವಮಾನವೆಲ್ಲ ಕಲ್ಲು ಒಡೆದ ಕೈ, ಬೆರಳಲ್ಲಿ ಗೆರೆಯೇ ಇರಲಿಲ್ಲ. ಕೈ ತೊಳೆಸಿ, ಒರೆಸಿ, ಎಣ್ಣೆ ಹಚ್ಚಿ, ಎಡಗೈ ಹೆಬ್ಬೆರಳು ಇಡಿಸಿದಾಗ ಏಳನೇ ಸಲಕ್ಕೆ ತೆಗೆದುಕೊಂಡಿತು. ಅಜ್ಜ ನಗುತ್ತಾ ‘ಬದುಕಿದ್ದೀನಿ ಅಂತ ನಿನ್ನ ಮೆಷಿನ್ನೂ ಒಪ್ಪಿತಲ್ಲ’ ಅಂದರು. ಆ ಮನೆಗೆ ನಿಮ್ಮ ಸರ್ವೆ ಹೋದರೆ ‘ಕಾರ್ಡು ಇದೆ, ನಡೆಯಿತು’ ಅಂತ ಎರಡು ಟಿಕ್ ಬೀಳುತ್ತದೆ ಅಷ್ಟೇ.

ನಡೆಯದಿದ್ದರೆ ಯಾಕೆ ಅಂತಲೂ ಒಂದು ಸಾಲು ಜಾಗ ಇಡಿ. ಆಸ್ಪತ್ರೆ ಪಟ್ಟಿಯಲ್ಲಿ ಇರಲಿಲ್ಲ, ಪತ್ರ ತರಲಿಲ್ಲ, ಆ ಕಾಯಿಲೆ ಪ್ಯಾಕೇಜಿನಲ್ಲಿ ಇರಲಿಲ್ಲ, ಕಾರ್ಡು ಊರಲ್ಲೇ ಉಳಿದಿತ್ತು. ಈ ಕಾರಣಗಳೇ ನಿಮ್ಮ ಪ್ರಾಜೆಕ್ಟಿನ ತಿರುಳು ಅಂತ ನನ್ನ ಅನಿಸಿಕೆ.

ಗುಡಿಬಂಡೆ ಹುಡುಗ

ಬಾಗೇಪಲ್ಲಿ, ಗುಡಿಬಂಡೆ ಕಡೆ ಹೋದರೆ ತೆಲುಗು ಬರುವ ಮಕ್ಕಳನ್ನು ಕರೆದುಕೊಂಡು ಹೋಗಿ. ಪುಸ್ತಕದ ಕನ್ನಡದಲ್ಲಿ ‘ವೈದ್ಯಕೀಯ ವೆಚ್ಚ’ ಅಂದರೆ ‘ಏನಿಲ್ಲ’ ಅಂದು ಬಾಗಿಲು ಹಾಕುತ್ತಾರೆ. ‘ಆಸುಪತ್ರಿ ಖರ್ಚು ಎಂತ ಅಯ್ಯಿಂದಿ ಅವ್ವಾ?’ ಅಂದರೆ ಕೂರಿಸಿ ಕಾಫಿ ಕೊಟ್ಟು ಹೇಳುತ್ತಾರೆ.

ಎಲೆಕ್ಟ್ರಾನಿಕ್ ಸಿಟಿ ಮಗಳು

ನಮ್ಮ ಮನೆಯದ್ದೇ ಹೇಳುತ್ತೇನೆ. ಅಪ್ಪ ಅಮ್ಮ ಊರಲ್ಲಿ, ನಾನು ಬೆಂಗಳೂರಿನಲ್ಲಿ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದು ನನ್ನ ಕಂಪನಿ ಪಾಲಿಸಿಯಲ್ಲಿ. ಡಿಸ್ಚಾರ್ಜ್ ದಿನ ಬೆಳಗ್ಗೆ 10ಕ್ಕೆ ಡಾಕ್ಟರ್ ‘ಹೋಗಬಹುದು’ ಅಂದರು. ಇನ್ಶೂರೆನ್ಸ್ ಅಪ್ರೂವಲ್ ಬಂದದ್ದು ರಾತ್ರಿ 9ಕ್ಕೆ. ಅಷ್ಟರಲ್ಲಿ ಗ್ಲೌಸು, ಸಿರಿಂಜು, ‘ಅಡ್ಮಿನ್ ಚಾರ್ಜ್’ ಅಂತ ಪಾಲಿಸಿಗೆ ಬಾರದ ಸಾಮಾನಿನ ಎರಡು ಪುಟದ ಪಟ್ಟಿ ಕೈಗೆ ಕೊಟ್ಟರು. ನಾನು ಕಾರ್ಡ್ ಉಜ್ಜಿ ಕಟ್ಟಿದೆ. ಅಪ್ಪನಿಗೆ ಹೇಳಲಿಲ್ಲ, ಹೇಳಿದರೆ ಮತ್ತೆ ಎದೆ ನೋವು ಬರುತ್ತದೆ ಅಂತ.

ಈಗ ನಿಮ್ಮ ಮಕ್ಕಳು ಅಪ್ಪನನ್ನು ಕೇಳಿದರೆ ‘ಒಂದು ರೂಪಾಯಿ ಖರ್ಚಿಲ್ಲ, ಎಲ್ಲಾ ಮಗಳ ಕಂಪನಿ ನೋಡಿಕೊಂಡಿತು’ ಅಂತಾರೆ. ಒಂದೇ ಒಲೆ ಲೆಕ್ಕದಲ್ಲಿ ನಾನು ಆ ಮನೆಯವಳೂ ಅಲ್ಲ. ಹಾಗಾದರೆ ನನ್ನ ದುಡ್ಡು ಯಾವ ಮನೆಯ ಲೆಕ್ಕಕ್ಕೆ?

ಫೀಲ್ಡ್ ನೋಟ್ಸ್

ಒಳ್ಳೇ ಪ್ರಶ್ನೆ ಮೇಡಂ. ಖರ್ಚು ಅಪ್ಪನ ಮನೆಯಲ್ಲೇ ಬರೆಯಬೇಕು, ರೋಗಿ ಅಲ್ಲಿನವರು. ದುಡ್ಡಿನ ಮೂಲ ಅನ್ನುವಲ್ಲಿ ‘ನೆಂಟರಿಷ್ಟರು’ ಬರುತ್ತದೆ. ಮಗಳು ‘ನೆಂಟರು’ ಆಗುವುದು ಕೇಳಲು ಕಷ್ಟ, ಆದರೆ ಫಾರಂ ಹಾಗೆ ಇದೆ. ನಿಜ ಮೊತ್ತ ಬೇಕಿದ್ದರೆ ‘ಬಿಲ್ ಯಾರು ಕಟ್ಟಿದರು, ಅವರ ಫೋನ್ ಮಾಡಿಕೊಡುತ್ತೀರಾ’ ಅಂತ ಕೇಳಬೇಕು. ನಾವು ಎಷ್ಟೋ ಸಲ ಬೆಂಗಳೂರಿನ ಮಗನಿಗೆ ಸ್ಪೀಕರ್ ಹಾಕಿ ಕೇಳಿ ಬರೆದುಕೊಂಡಿದ್ದೇವೆ.

ಆಶಾ ಅಕ್ಕ, ಚಿಂತಾಮಣಿ

ಇನ್ನೊಂದು ಮರೆತಿದ್ದೆ. ‘ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ’ ಅಂದರೆ ‘ಕಾಯಿಲೆ ಏನೂ ಇಲ್ಲ, ಶುಗರ್ ಅಷ್ಟೇ’ ಅಂತಾರೆ. ಶುಗರ್, ಬಿಪಿ ನಮ್ಮ ಜನಕ್ಕೆ ಕಾಯಿಲೆ ಲೆಕ್ಕಕ್ಕೇ ಇಲ್ಲ. ಆದರೆ ದುಡ್ಡು ಸೋರುವುದು ಅಲ್ಲೇ. ಈ ಕಾರ್ಡುಗಳು ಹೆಚ್ಚಾಗಿ ನಡೆಯುವುದು ಅಡ್ಮಿಟ್ ಆದರೆ. ತಿಂಗಳು ತಿಂಗಳು ಮೆಡಿಕಲ್ ಅಂಗಡಿಗೆ ಕೊಡುವುದು ಯಾವ ಕಾರ್ಡಿನಲ್ಲೂ ಬರುವುದಿಲ್ಲ, ಇಎಸ್ಐ ಬಿಟ್ಟರೆ. ಕೆಲವರು ಗೃಹಲಕ್ಷ್ಮಿ 2,000 ಬಂದ ದಿನವೇ ಹೋಗಿ ಮಾತ್ರೆ ತರುತ್ತಾರೆ, ದುಡ್ಡು ತಡವಾದರೆ ಮಾತ್ರೆಯೂ ತಡ. ‘ಮಾತ್ರೆ ಬಿಟ್ಟಿದ್ದೀರಾ’ ಅಂತ ಬೈಯಬೇಡಿ. ‘ಈ ತಿಂಗಳು ಎಷ್ಟು ದಿನದ ಮಾತ್ರೆ ತಂದಿರಿ’ ಅಂತ ಮೆತ್ತಗೆ ಕೇಳಿ. ಸ್ಟ್ರಿಪ್ ತರಿಸಿ ಎಣಿಸಿದರೆ ಇನ್ನೂ ಒಳ್ಳೆಯದು.

ಬಸ್ ಖರ್ಚಿನ ಕಾಲಂ ಇದ್ದರೆ ಹೆಂಗಸರಿಗೆ ಸೊನ್ನೆ ಬರುತ್ತದೆ, 2023ರ ಜೂನ್‌ನಿಂದ ಸರ್ಕಾರಿ ಬಸ್ ಫ್ರೀ. ಜೊತೆಗೆ ಹೋದ ಗಂಡನ ಟಿಕೆಟ್ ಮರೆಯಬೇಡಿ 😊

ಸುಮ್ನೆ ಕೇಳ್ತಿದೀನಿ

ಸರಿ, ಒಪ್ಪಿಕೊಂಡೆ, ಇದು ಕೆಲಸದ ಸರ್ವೆ. ಆದರೆ ಆಧಾರ್, ಕಾರ್ಡಿನ ಫೋಟೋ ಹೊಡೆದುಕೊಳ್ಳಬೇಡಿ ದಯವಿಟ್ಟು. ಒಟಿಪಿ ಕೇಳುವ ಕಳ್ಳರ ಕಾಲ ಇದು. ಆಮೇಲೆ ಆದಾಯ ಕೇಳದೆ ‘ಖರ್ಚು ಜಾಸ್ತಿ ಆಯಿತು’ ಅಂತ ಹೇಗೆ ಹೇಳುತ್ತೀರಿ?

ಮೇಲೂರು ಮೇಷ್ಟ್ರು

ಫೋಟೋ ಹೊಡೆಯುವುದಿಲ್ಲ, ನಂಬರೂ ಬರೆದುಕೊಳ್ಳುವುದಿಲ್ಲ, ಮಾತು ಕೊಡುತ್ತೇನೆ. ಮನೆಯವರ ಹೆಸರೂ ಬೇಡ ಅಂತ ಈಗ ತೀರ್ಮಾನ ಮಾಡಿದೆವು, ಬರೀ ಮನೆ ಒಂದು, ಮನೆ ಎರಡು. ಆದಾಯ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ನನ್ನನ್ನು ಕೇಳಿದರೆ ನಾನೂ ಹೇಳುವುದಿಲ್ಲ. ತಿಂಗಳ ಮನೆ ಖರ್ಚು ಕೇಳುತ್ತೇವೆ. ಅಂತರರಾಷ್ಟ್ರೀಯ ಅಳತೆಯೂ 2025ರವರೆಗೆ ಹಾಗೇ ಇತ್ತು. ಮನೆಯ ಒಟ್ಟು ಖರ್ಚಿನಲ್ಲಿ 10% ಅಥವಾ 25% ದಾಟಿ ಆಸ್ಪತ್ರೆಗೆ ಹೋದರೆ ಅದು ಮನೆ ಮುಳುಗಿಸುವ ಖರ್ಚು ಅಂತಿದ್ದರು.

ಅಂದಹಾಗೆ ಕಾರ್ಡು ಇಲ್ಲದವರಿಗೆ ಮಾಡಿಸುವ ದಾರಿ ಮಕ್ಕಳು ಹೇಳಬಹುದಾ?

ಫೀಲ್ಡ್ ನೋಟ್ಸ್

ಹೇಳಲಿ, ಆದರೆ ಪ್ರಶ್ನೆ ಎಲ್ಲಾ ಮುಗಿದ ಮೇಲೆ. ಮೊದಲೇ ಹೇಳಿದರೆ ಉತ್ತರ ಬದಲಾಗುತ್ತದೆ. ‘ಕಾರ್ಡು ಕೊಡಲು ಬಂದವರು’ ಅಂದುಕೊಂಡು ಇರುವ ಕಾರ್ಡೂ ಇಲ್ಲ ಅಂತಾರೆ.

ಆಶಾ ಅಕ್ಕ, ಚಿಂತಾಮಣಿ

ಇದು ನಾನು ಒಪ್ಪುವುದಿಲ್ಲ ಸಾರ್. ಮನೆಯಲ್ಲಿ ರೋಗಿ ಮಲಗಿದ್ದರೆ ಫಾರಂ ಮುಗಿಯಲಿ ಅಂತ ಕಾಯುವುದಕ್ಕೆ ಆಗುತ್ತದಾ? ಅಂಥ ಮನೆಯಲ್ಲಿ ಮೊದಲು ನನ್ನಂಥವರಿಗೆ ಫೋನ್ ಮಾಡಿಸಿ, ಸರ್ವೆ ಆಮೇಲೆ.

ಫೀಲ್ಡ್ ನೋಟ್ಸ್

ಅಂಥ ಮನೆಗೆ ಖಂಡಿತ ಹಾಗೇ ಮಾಡಿ ಅಕ್ಕ. ನಾನು ಹೇಳಿದ್ದು ಮಾಮೂಲಿ ಮನೆಗಳಿಗೆ.

ಮೇಲೂರು ಮೇಷ್ಟ್ರು (ಎರಡು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಫಾರಂ ಪೂರ್ತಿ ಬದಲಾಯಿಸಿದೆವು. ‘ಇನ್ಶೂರೆನ್ಸ್’ ಪದ ಎಲ್ಲೂ ಇಲ್ಲ. ಮೊದಲ ಪ್ರಶ್ನೆಯೇ ‘ಕಾರ್ಡುಗಳ ಕವರ್ ಸ್ವಲ್ಪ ತರುತ್ತೀರಾ?’ ಜ್ವರದ ಪ್ರಶ್ನೆಯಲ್ಲಿ ‘ಮನುಷ್ಯರಿಗೆ’ ಅಂತ ಸೇರಿಸಿದ್ದೇವೆ.

ಮೊದಲ ಮನೆಗೆ ವಾಪಸ್ ಹೋದೆವು. ಮಾಲೂರು ಅಣ್ಣ ಹೇಳಿದ ಹಾಗೇ ಆಗಿತ್ತು. ಮಗ ಅಮ್ಮನ ಹೆಸರು ಇಎಸ್ಐಗೆ ಸೇರಿಸಿರಲಿಲ್ಲ. ಅವತ್ತೇ ಅಮ್ಮ ಫೋನ್ ಮಾಡಿ ಅವನಿಗೆ ಚೆನ್ನಾಗಿ ಬೈದರು. ಅದು ನಮ್ಮಿಂದ ಆದದ್ದು, ಪಾಪ ಹುಡುಗ.

ನಿನ್ನೆ ಇನ್ನೊಂದು ಮನೆ. ಗಂಡ ತೀರಿಕೊಂಡು ಆರು ತಿಂಗಳು. ಹೊಸ ಫೋಟೋ ಇತ್ತು, ಅದೇ ಹುಡುಗಿ ಪೆನ್ನು ಕೆಳಗಿಟ್ಟಳು. ಅಜ್ಜಿ ಎಲ್ಲವನ್ನೂ ಬಿಡಿ ಬಿಡಿಯಾಗಿ ಹೇಳಿದರು. ಕಾರ್ಡು ನಡೆದಿತ್ತು, ಆಪರೇಷನ್‌ಗೆ ದುಡ್ಡು ಹೋಗಿರಲಿಲ್ಲ. ಹೊರಗಿನ ಔಷಧಿ, ಎರಡು ಸಲ ಗಾಡಿ, ಒಂದು ಜೊತೆ ಓಲೆ ಅಡ. ಅಡ ಇಟ್ಟ ಚೀಟಿ ನಿಜವಾಗಲೂ ತಾರೀಖಿನ ಸಮೇತ ಇತ್ತು. ಎಲ್ಲಾ ಮುಗಿದು ಹುಡುಗಿ ಫಾರಂ ಮಡಚುವಾಗ ಅಜ್ಜಿ ಕೇಳಿದರು: ‘ಹದಿನೆಂಟು ದಿನ ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದ್ದೆ. ಗೂಡು ಬಿಡಿಸುವ ಕೂಲಿ ಹದಿನೆಂಟು ದಿನದ್ದು ಹೋಯಿತು. ಅದನ್ನ ಎಲ್ಲಿ ಬರ್ಕೊಂಡೆ ತಾಯಿ?’

ಬರೆದಿರಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಫೀಲ್ಡ್ ನೋಟ್ಸ್

ಕೊನೆಯಲ್ಲಿ ‘ಷರಾ’ ಅಂತ ಜಾಗ ಇದೆಯಲ್ಲ, ಈಗ ಅಲ್ಲಿ ಬರೆಸಿ. ಮುಂದಿನ ಮನೆಯಿಂದ ಜೊತೆಗಿದ್ದವರ ಕೂಲಿ ಅಂತಲೇ ಎರಡು ಕಾಲಂ ಹಾಕಿ, ದಿನ ಎಷ್ಟು, ಕೂಲಿ ಎಷ್ಟು. ಹಳೇ ಮನೆಗಳಿಗೆ ಫೋನ್ ಮಾಡಿ ಕೇಳಬಹುದು.

ಮೇಲೂರು ಮೇಷ್ಟ್ರು

ಫೋನ್ ನಂಬರ್ ಬರೆದುಕೊಂಡಿಲ್ಲ ಸಾರ್, ಮಾತು ಕೊಟ್ಟಿದ್ದೆನಲ್ಲ. ಶನಿವಾರ ಮಕ್ಕಳನ್ನು ಕರೆದುಕೊಂಡು ಮತ್ತೆ ಹೋಗುತ್ತೇವೆ.

ಡೇರಿ ಸೆಕ್ರೆಟರಿ

ಶನಿವಾರ ಬರುವುದಾದರೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿಗೇ ಬನ್ನಿ ಮೇಷ್ಟ್ರೇ. ಅರ್ಧ ಊರು ಅಲ್ಲೇ ಸಿಗುತ್ತದೆ.